ಸ್ಪೇಸರೋ, ಬೇರೆ ರಿಮ್ಮೋ, ಇದ್ದ ಹಾಗೆಯೋ: ಮಲೆನಾಡಿನ ಕಾರಿಗೆ ಚಕ್ರದ ಆಫ್‌ಸೆಟ್ ಬದಲಿಸುವ ಮುನ್ನ

ಶಿವಮೊಗ್ಗದ ಟೈರ್ ಅಂಗಡಿಗಳಲ್ಲಿ ವೀಲ್ ಸ್ಪೇಸರ್ (ಚಕ್ರ ಹೊರಗೆ ಬರಲೆಂದು ಅದರ ಹಿಂದೆ ಇಡುವ ಬಿಲ್ಲೆ) ಕೇಳಿಕೊಂಡು ಬರುವವರು ಹೇಳುವ ಕಾರಣ ಹೆಚ್ಚುಕಡಿಮೆ ಮೂರೇ. ಚಕ್ರ ಮಡ್‌ಗಾರ್ಡಿನೊಳಗೆ ಹುದುಗಿದ ಹಾಗೆ ಕಾಣುತ್ತದೆ, ಸ್ವಲ್ಪ ಹೊರಗೆ ಬರಬೇಕು ಎನ್ನುವವರು ಕೆಲವರು. ಅಗಲದ ಅಲಾಯ್ ಹಾಕಿಸಿದ ಮೇಲೆ ಟೈರ್ ಒಳಗಡೆ ಶಾಕ್ ಅಬ್ಸಾರ್ಬರಿಗೆ ಉಜ್ಜುತ್ತಿದೆ ಎಂದು ಬರುವವರು ಇನ್ನು ಕೆಲವರು. ಘಾಟಿ ಓಡಾಟ ಜಾಸ್ತಿ, ತಿರುವಿನಲ್ಲಿ ಗಾಡಿ ಗಟ್ಟಿಯಾಗಿ ನಿಲ್ಲಬೇಕು ಎನ್ನುವವರು ಉಳಿದವರು. ಈ ಮೂರಕ್ಕೂ ಮದ್ದು ಬೇರೆಬೇರೆ. ಎಲ್ಲರಿಗೂ ಒಂದೇ ಅಲ್ಯೂಮಿನಿಯಂ ಬಿಲ್ಲೆ ಕೊಟ್ಟು ಕಳಿಸಿದರೆ ಇಬ್ಬರಿಗಾದರೂ ದುಡ್ಡು ದಂಡ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಮಂದಿ ಓಡಾಡುವ ಕಾರಿಗೆ ಬೇಕಾದ ಆಫ್‌ಸೆಟ್‌ನ ರಿಮ್ ಸಿಗುವ ಹಾಗಿದ್ದರೆ ಸ್ಪೇಸರ್ ಹಾಕಿಸಬೇಡಿ. ರಿಮ್ ಸಿಗದೆ ಸ್ಪೇಸರೇ ಗತಿ ಎಂದಾದರೆ ಹಬ್‌ಸೆಂಟ್ರಿಕ್ ಆದದ್ದು (ಹಬ್ಬಿನ ನಡುವಿಗೆ ಸರಿಯಾಗಿ ಹೊಂದಿ ಕೂರುವಂಥದ್ದು), ಫೋರ್ಜ್ಡ್ ಆದದ್ದು (ಅಚ್ಚಿಗೆ ಎರೆಯದೆ ಲೋಹವನ್ನು ಒತ್ತಿ ಮಾಡಿದ್ದು), ನಿಮ್ಮ ಗಾಡಿಯ ಅಳತೆಗೇ ಮಾಡಿದ್ದು ಆಗಿರಲಿ. ‘ಎಲ್ಲ ಗಾಡಿಗೂ ಕೂರುತ್ತೆ’ ಎಂದು ಮಾರುವ ಬಿಲ್ಲೆಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಆಫ್‌ಸೆಟ್‌ನ ಲೆಕ್ಕ

ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಇದೆ ಅಂದುಕೊಳ್ಳಿ. ರಿಮ್ ಹಬ್ಬಿಗೆ (ಗಾಡಿಯಲ್ಲಿ ಚಕ್ರವನ್ನು ಬಿಗಿಯುವ ತಿರುಗು ಭಾಗಕ್ಕೆ) ಒತ್ತಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರದಲ್ಲಿದೆಯೋ ಅದು ಆಫ್‌ಸೆಟ್. ಮುಖ ಗೆರೆಯಿಂದ ಹೊರಬದಿಗೆ ಇದ್ದರೆ ಪಾಸಿಟಿವ್, ಒಳಬದಿಗೆ ಇದ್ದರೆ ನೆಗೆಟಿವ್. ರಿಮ್ಮಿನ ಹಿಂಬದಿಯಲ್ಲೋ ಕಡ್ಡಿಯ ಮೇಲೋ ‘ಇಟಿ 45’ ಎಂಬಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚೊತ್ತಿರುತ್ತದೆ. ಮುಂದಿನ ಚಕ್ರ ಎಳೆಯುವ ನಮ್ಮ ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 35ರಿಂದ 50ರ ಒಳಗೆ ಬರುತ್ತದೆ. ಜಿಮ್ನಿಯಂಥ ಗಾಡಿಯಲ್ಲಿ ಬರೀ 5. ಅದರ ಚಕ್ರ ಕಂಪನಿಯಿಂದ ಬರುವಾಗಲೇ ಹೊರಗಿದ್ದ ಹಾಗೆ ಕಾಣುವುದು ಇದೇ ಕಾರಣಕ್ಕೆ.

ಸ್ಪೇಸರ್ ಅಂದರೆ ಹಬ್ಬಿಗೂ ರಿಮ್ಮಿಗೂ ನಡುವೆ ಇಡುವ ಬಿಲ್ಲೆ. ಇಟಿ 45ರ ರಿಮ್ಮಿನ ಹಿಂದೆ 15 ಮಿ.ಮೀ. ಸ್ಪೇಸರ್ ಇಟ್ಟರೆ ಅದು ಇಟಿ 30ರ ರಿಮ್ಮಿನಂತೆ ಕೂರುತ್ತದೆ. ಎರಡೂ ಬದಿ ಸೇರಿ ಚಕ್ರದಿಂದ ಚಕ್ರಕ್ಕೆ ಇರುವ ಅಂತರ 30 ಮಿ.ಮೀ. ಹೆಚ್ಚುತ್ತದೆ.

ಇದೇ ಕೆಲಸ ರಿಮ್ ಬದಲಿಸಿಯೂ ಆಗುತ್ತದೆ. ಲೆಕ್ಕ ಸುಲಭ: ರಿಮ್ಮಿನ ಅರ್ಧ ಅಗಲಕ್ಕೆ ಆಫ್‌ಸೆಟ್ ಕೂಡಿಸಿದರೆ ಹಬ್ಬಿನ ಮುಖದಿಂದ ಒಳಕ್ಕೆ ಎಷ್ಟು ಚಾಚಿದೆ ಎಂದು ಸಿಗುತ್ತದೆ, ಕಳೆದರೆ ಹೊರಕ್ಕೆ ಎಷ್ಟು ಎಂದು. ಐದೂವರೆ ಇಂಚು ಅಗಲದ ಇಟಿ 45 ರಿಮ್ ತೆಗೆದುಕೊಳ್ಳಿ. ಅರ್ಧ ಅಗಲ ಸುಮಾರು 70 ಮಿ.ಮೀ., ಹಾಗಾಗಿ ಒಳಕ್ಕೆ 115, ಹೊರಕ್ಕೆ 25. ಅದರ ಬದಲು ಆರಿಂಚಿನ ಇಟಿ 40 ರಿಮ್ ಹಾಕಿದರೆ ಒಳಕ್ಕೆ 116, ಹೊರಕ್ಕೆ 36. ಒಳಗಿನ ಜಾಗ ಕಳೆದುಕೊಂಡದ್ದು ಒಂದು ಮಿ.ಮೀ. ಆಸುಪಾಸು, ಹೊರಗೆ ಬಂದದ್ದು 11. ಅಂದರೆ ಹತ್ತು ಮಿ.ಮೀ. ಸ್ಪೇಸರ್ ಹಾಕಿದಷ್ಟೇ ನೋಟ, ನಡುವೆ ಯಾವ ಬಿಲ್ಲೆಯೂ ಇಲ್ಲದೆ. ಇನ್ನು ಏಳಿಂಚಿನ ಇಟಿ 35 ತಂದರೆ? ಒಳಕ್ಕೆ 124, ಹೊರಕ್ಕೆ 54. ಒಳಗೆ 9 ಮಿ.ಮೀ. ಹತ್ತಿರ ಬಂತು, ಹೊರಗೆ 29 ಚಾಚಿತು. ಒಳಗೆ ಉಜ್ಜುತ್ತದೆ ಎಂದು ಬರುವವರಲ್ಲಿ ಹೆಚ್ಚಿನವರು ಇಂಥ ರಿಮ್ ತಂದವರು. ಅಂಗಡಿಯಲ್ಲಿ ಡಿಸೈನ್ ನೋಡಿ ಆರಿಸಿದ್ದಾರೆ, ಅಗಲ ಮತ್ತು ಇಟಿ ಕೇಳಿಲ್ಲ. ಆಮೇಲೆ ಸ್ಪೇಸರ್ ಹಾಕಿ ಒಳಗಿನ ತೊಂದರೆ ಕಳೆದುಕೊಂಡರೆ ಹೊರಗಡೆ ಮಡ್‌ಗಾರ್ಡಿಗೆ ತಾಗಲು ಶುರುವಾಗುತ್ತದೆ.

ಸ್ಪೇಸರಿಗೂ ಬೇರೆ ರಿಮ್ಮಿಗೂ ವ್ಯತ್ಯಾಸ ಎಲ್ಲಿ

‘ಸ್ಪೇಸರ್ ಹಾಕಿದರೆ ಬೇರಿಂಗ್ ಹೋಗುತ್ತೆ, ಅಲಾಯ್ ಹಾಕಿದರೆ ಏನೂ ಆಗಲ್ಲ’ ಎಂದು ಹೇಳುವುದುಂಟು. ಅದು ಅರ್ಧ ಮಾತ್ರ ನಿಜ. ಆಫ್‌ಸೆಟ್ 15 ಮಿ.ಮೀ. ಕಡಿಮೆಯಾಯಿತು ಅಂದರೆ, ಸ್ಪೇಸರಿನಿಂದ ಆಗಲಿ ರಿಮ್ಮಿನಿಂದ ಆಗಲಿ, ಚಕ್ರದ ಭಾರ ಬೀಳುವ ಗೆರೆ ಬೇರಿಂಗಿನಿಂದ 15 ಮಿ.ಮೀ. ಹೊರಗೆ ಹೋಯಿತು. ಗುಂಡಿಗೆ ಬಿದ್ದಾಗಿನ ಪೆಟ್ಟು ಅಷ್ಟು ಉದ್ದದ ಸನ್ನೆಯ ಮೂಲಕ ಬೇರಿಂಗಿಗೂ ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಸಸ್ಪೆನ್ಷನ್ ತೋಳಿನ) ಬುಷ್ಷಿಗೂ ತಲುಪುತ್ತದೆ. ಸ್ಪ್ರಿಂಗಿನ ಮೇಲೂ ಚಕ್ರದ ಸನ್ನೆ ಉದ್ದವಾಗುವುದರಿಂದ ಸಸ್ಪೆನ್ಷನ್ ಕೊಂಚ ಮೆತ್ತಗಾಗುತ್ತದೆ. 5 ಮಿ.ಮೀ.ಗೆ ಇದು ಗಮನಕ್ಕೂ ಬಾರದಷ್ಟು, 25ಕ್ಕೆ ಚೆನ್ನಾಗಿಯೇ ಗೊತ್ತಾಗುವಷ್ಟು.

ಸ್ಟೇರಿಂಗಿನ ವಿಷಯವೂ ಹಾಗೇ. ಮುಂದಿನ ಚಕ್ರ ತಿರುಗುವ ಅಕ್ಷ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುಗೆರೆಗೂ ಇರುವ ಅಂತರವನ್ನು ಕಂಪನಿಯವರು ಲೆಕ್ಕ ಹಾಕಿ ಇಟ್ಟಿರುತ್ತಾರೆ. ಚಕ್ರ ಹೊರಗೆ ಬಂದಷ್ಟೂ ಆ ಅಂತರ ಬದಲಾಗುತ್ತದೆ. ಒಂದು ಬದಿಯ ಚಕ್ರ ಮಾತ್ರ ನೀರಿಗೋ ಕೆಸರಿಗೋ ಇಳಿದಾಗ ಸ್ಟೇರಿಂಗ್ ಆ ಕಡೆಗೆ ಜಗ್ಗುವುದು ಹೆಚ್ಚುತ್ತದೆ. ಬಯಲುಸೀಮೆಯ ಹೆದ್ದಾರಿಯಲ್ಲಿ ಇದು ಅಷ್ಟಾಗಿ ಕಾಡದಿರಬಹುದು. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೊರಟರೆ, ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಊರಿನ ದಾರಿಯಲ್ಲಿ, ರಸ್ತೆಯ ಎಡ ಅಂಚಿನಲ್ಲಿ ನೀರು ಹರಿಯದ ಜಾಗ ಹುಡುಕಬೇಕು. ಎದುರಿಂದ ಬಸ್ ಬಂತು, ಎಡಕ್ಕೆ ಸರಿದಿರಿ, ಎಡ ಚಕ್ರ ನೀರಿಗಿಳಿಯಿತು ಎನ್ನುವ ಆ ಗಳಿಗೆಯಲ್ಲೇ ಈ ಜಗ್ಗಾಟ ಕೈಗೆ ಬರುತ್ತದೆ.

ಇಷ್ಟೆಲ್ಲ ಎರಡಕ್ಕೂ ಸಮ. ನಿಜವಾದ ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ರಿಮ್ ಬದಲಿಸಿದರೆ ಹಬ್ಬು, ರಿಮ್ಮು, ನಟ್ಟು ಮೂರೇ. ಸ್ಪೇಸರ್ ಬಂದರೆ ನಡುವೆ ಇನ್ನೊಂದು ಒತ್ತುಮುಖ ಸೇರುತ್ತದೆ. ಬೋಲ್ಟ್-ಆನ್ (ಬಿಲ್ಲೆಯನ್ನೇ ಹಬ್ಬಿಗೆ ನಟ್ಟಿನಿಂದ ಬಿಗಿಯುವ) ಬಗೆಯಾದರೆ ಇನ್ನೊಂದು ಸಾಲು ನಟ್ಟೂ ಸೇರುತ್ತದೆ, ಅದು ಚಕ್ರದ ಹಿಂದೆ ಮರೆಯಾಗಿರುತ್ತದೆ. ಚಕ್ರದ ಭಾರ ಹೊರುವುದು ಸ್ಟಡ್ಡುಗಳು (ಹಬ್ಬಿನಿಂದ ಚಾಚಿರುವ, ನಟ್ ಹಾಕುವ ಬೋಲ್ಟುಗಳು) ಎಂದು ಅನೇಕರು ತಿಳಿದಿದ್ದಾರೆ. ಸ್ಟಡ್ಡಿನ ಕೆಲಸ ರಿಮ್ಮನ್ನು ಹಬ್ಬಿಗೆ ಬಿಗಿಯಾಗಿ ಒತ್ತಿ ಹಿಡಿಯುವುದು; ಭಾರವನ್ನು ತಡೆಯುವುದು ಆ ಒತ್ತಡದಿಂದ ಎರಡು ಮುಖಗಳ ನಡುವೆ ಹುಟ್ಟುವ ಘರ್ಷಣೆ. ಒತ್ತು ಸಡಿಲಾದ ದಿನದಿಂದ ಸ್ಟಡ್ ಪ್ರತಿ ಸುತ್ತಿಗೂ ಅತ್ತಿತ್ತ ಬಾಗುತ್ತದೆ, ಬಾಗಿ ಬಾಗಿ ಕೊನೆಗೆ ತುಂಡಾಗುತ್ತದೆ. ಸ್ಪೇಸರಿನ ಎಲ್ಲ ಅಪಾಯವೂ ಇಲ್ಲಿಂದಲೇ ಶುರು.

ಮೊದಲು ಅಳತೆ, ಆಮೇಲೆ ಅಂಗಡಿ

ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಅಂಗಳ ಇಳಿಜಾರಾಗಿದ್ದರೆ ಅಡಿಕೆ ಕಣಕ್ಕೆ ತನ್ನಿ. ದಾರದ ತುದಿಗೆ ಒಂದು ನಟ್ ಕಟ್ಟಿ ಮಡ್‌ಗಾರ್ಡಿನ ಅಂಚಿನಿಂದ ಇಳಿಬಿಡಿ. ದಾರಕ್ಕೂ ಟೈರಿನ ಉಬ್ಬಿದ ಪಕ್ಕಕ್ಕೂ ಎಷ್ಟು ಅಂತರ ಎಂದು ಸ್ಕೇಲಿನಲ್ಲಿ ನೋಡಿ. ನಾಲ್ಕೂ ಚಕ್ರಕ್ಕೆ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ, ಎಡ ಬಲ ಒಂದೇ ಇರುತ್ತದೆ ಎಂದು ನಂಬಬೇಡಿ. ಆ ಅಂತರದಲ್ಲಿ ಐದಾರು ಮಿ.ಮೀ. ಉಳಿಸಿಕೊಂಡು ಮಿಕ್ಕಿದ್ದಷ್ಟೇ ನಿಮಗೆ ಹೊರಕ್ಕೆ ತರಲು ಸಿಗುವ ಜಾಗ. ಟೈರ್ ಮಡ್‌ಗಾರ್ಡಿನಿಂದ ಆಚೆ ಬರಲೇಬಾರದು.

ಒಳಗಿನ ಜಾಗಕ್ಕೆ ಮಕ್ಕಳು ಆಡುವ ಕ್ಲೇ ಮಣ್ಣು ಸಾಕು. ಶಾಕ್ ಅಬ್ಸಾರ್ಬರಿನ ಮೇಲೆ ಟೈರಿನ ಎದುರಿಗೆ ಒಂದು ಉಂಡೆ, ಮುಂದಿನ ಚಕ್ರದ ಲೈನರಿನಲ್ಲಿ (ಮಡ್‌ಗಾರ್ಡಿನ ಒಳಹೊದಿಕೆಯಲ್ಲಿ) ಒಂದು ಉಂಡೆ ಅಂಟಿಸಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ಡಿಕ್ಕಿಯಲ್ಲಿ ಎರಡು ಚೀಲ ಹಾಕಿಕೊಂಡು, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಒಂದು ಉಬ್ಬು ನಿಧಾನವಾಗಿ ಹತ್ತಿ ಇಳಿಸಿ. ಉಂಡೆ ಎಷ್ಟು ಚಪ್ಪಟೆಯಾಗಿದೆ ಎನ್ನುವುದೇ ಉತ್ತರ. ಖಾಲಿ ಗಾಡಿಯಲ್ಲಿ, ಶೆಡ್ಡಿನೊಳಗೆ ನಿಂತು ‘ಜಾಗ ಇದೆ’ ಅನ್ನುವುದಕ್ಕೂ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಐದು ಜನ ಕೂತು ಪೂರ್ತಿ ಸ್ಟೇರಿಂಗ್ ತಿರುಗಿಸುವುದಕ್ಕೂ ಬಹಳ ಅಂತರವಿದೆ.

ಒಂದೊಂದಾಗಿ ಆಯ್ಕೆಗಳು

ನೋಟಕ್ಕಾಗಿ ಬಂದವರಿಗೆ ಎಲ್ಲಕ್ಕಿಂತ ಸುರಕ್ಷಿತ ದಾರಿ ಅದೇ ಕಾರಿನ ಮೇಲಿನ ವೇರಿಯಂಟಿನ ಚಕ್ರ. ಉದಾಹರಣೆಗೆ ಸ್ವಿಫ್ಟಿನ ಕೆಳಗಿನ ವೇರಿಯಂಟುಗಳಿಗೆ 165/80 ಆರ್14 ಬಂದರೆ ಮೇಲಿನವಕ್ಕೆ 185/65 ಆರ್15 ಬರುತ್ತದೆ. ಹೊರಸುತ್ತಿನ ವ್ಯಾಸ ಲೆಕ್ಕ ಹಾಕಿ ನೋಡಿದರೆ ಎರಡಕ್ಕೂ ವ್ಯತ್ಯಾಸ ಎರಡೇ ಮಿ.ಮೀ. ಹಾಗಾಗಿ ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ. ಆಫ್‌ಸೆಟ್ ಎಷ್ಟಿರಬೇಕು ಎಂಬ ತಲೆನೋವನ್ನು ಕಂಪನಿಯವರೇ ಆಗಲೇ ಮುಗಿಸಿದ್ದಾರೆ. ಚಕ್ರದ ಕಮಾನಿನೊಳಗೆ ಗಾಡಿ ತುಂಬಿಕೊಂಡಂತೆ ಕಾಣಲು ಎಷ್ಟೋ ಸಲ ಇಷ್ಟೇ ಸಾಕು.

ಎರಡನೆಯದು ಹೊರಗಿನ ಕಂಪನಿಯ ಅಲಾಯ್, ಮೇಲೆ ಹೇಳಿದ ಲೆಕ್ಕ ಹಾಕಿ ಆರಿಸಿದ್ದು. ಇಲ್ಲಿ ಪಿಸಿಡಿ (ನಟ್ ತೂತುಗಳ ನಡುವೆ ಹಾಯುವ ವೃತ್ತದ ವ್ಯಾಸ), ಇಟಿ, ಅಗಲದ ಜತೆಗೆ ನಡುವಿನ ತೂತಿನ ಅಳತೆಯನ್ನೂ ಕೇಳಿ. ಹೊರಗಿನ ಅಲಾಯ್‌ಗಳ ತೂತು ಹಲವು ಗಾಡಿಗೆ ಕೂರಲೆಂದು ದೊಡ್ಡದಾಗಿರುತ್ತದೆ. ನಡುವೆ ಹಬ್ ರಿಂಗ್ ಹಾಕಿಸದಿದ್ದರೆ ರಿಮ್ ಹಬ್ಬಿನ ನಡುವಿಗೆ ಸರಿಯಾಗಿ ಕೂರದೆ ನಟ್ಟುಗಳ ಆಸರೆಯಲ್ಲಿ ಅಂದಾಜಿಗೆ ಕೂರುತ್ತದೆ. ರಿಂಗ್ ಸಣ್ಣ ಸಾಮಾನು, ಮರೆಯದೆ ಹಾಕಿಸಿಕೊಳ್ಳಿ. ರಿಮ್ ಮೇಲೆ ಐಎಸ್‌ಐ ಗುರುತಿದೆಯೇ ಎಂದೂ ನೋಡಿ.

ಟೈರ್ ಮಾತ್ರ ಅಗಲ ಮಾಡುವ ಯೋಚನೆ ಮಲೆನಾಡಿಗೆ ಹೇಳಿಮಾಡಿಸಿದ್ದಲ್ಲ. 205 ಮಿ.ಮೀ. ಅಗಲದ ಟೈರಿಗೆ ಐದಿಂಚಿನ ರಿಮ್ ಸಾಲದು, ಪಕ್ಕಗಳು ಉಬ್ಬಿ ತಿರುವಿನಲ್ಲಿ ಮಗುಚಿದಂತಾಗುತ್ತದೆ. ಅಗಲದ ಟೈರ್ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ ಕೂಡ. ಆರಿದ್ರಾ ಪುನರ್ವಸು ಮಳೆಯಲ್ಲಿ ಓಡಾಡುವ ಗಾಡಿಗೆ ಗೀರು ಆಳವಾಗಿರುವ ಹೊಸ 185 ಟೈರ್ ಮಾಡುವ ಉಪಕಾರವನ್ನು ಸವೆದ 205 ಮಾಡಲಾರದು.

ಇನ್ನು ಸ್ಪೇಸರ್. ಇದರಲ್ಲಿ ಎರಡು ಜಾತಿ.

ಸುಮ್ಮನೆ ಸ್ಟಡ್ಡಿಗೆ ಪೋಣಿಸಿ ಮೇಲಿಂದ ರಿಮ್ ಕೂರಿಸುವ ತೆಳು ಬಿಲ್ಲೆ ಮೊದಲನೆಯದು, ಸಾಮಾನ್ಯವಾಗಿ 3ರಿಂದ 10 ಮಿ.ಮೀ. ಇದರಲ್ಲಿ ಎರಡು ಕಡೆ ಎಚ್ಚರ ಬೇಕು. ಒಂದು, ಬಿಲ್ಲೆ ಎಷ್ಟು ದಪ್ಪವೋ ಅಷ್ಟು ಸ್ಟಡ್ ಒಳಗೆ ಹೋಯಿತು, ನಟ್ಟಿಗೆ ಸಿಗುವ ಮರೆ (ಥ್ರೆಡ್) ಕಡಿಮೆಯಾಯಿತು. ನಟ್ಟೊಂದನ್ನು ಬೆರಳಲ್ಲೇ ತಿರುಗಿಸುತ್ತ ರಿಮ್ಮಿಗೆ ತಾಗುವವರೆಗೆ ಎಷ್ಟು ಸುತ್ತು ಹಿಡಿಯಿತು ಎಂದು ಎಣಿಸಿ. ಸ್ಟಡ್ಡಿನ ದಪ್ಪದಷ್ಟಾದರೂ ಉದ್ದ ಮರೆ ಹಿಡಿದಿರಬೇಕು ಎಂಬುದು ವರ್ಕ್‌ಶಾಪಿನವರೆಲ್ಲ ಪಾಲಿಸುವ ಅಳತೆ. 12 ಮಿ.ಮೀ. ಸ್ಟಡ್ಡಿಗೆ ಮರೆಯ ಅಂತರ 1.5 ಇದ್ದರೆ ಎಂಟು ಸುತ್ತು, ಮಾರುತಿಯಲ್ಲಿ ಇರುವಂತೆ 1.25 ಇದ್ದರೆ ಸುಮಾರು ಹತ್ತು. ಐದಾರು ಸುತ್ತಿಗೇ ನಟ್ ಬಿಗಿಯಾಗಿಬಿಟ್ಟರೆ ಆ ಬಿಲ್ಲೆ ತೆಗೆದಿಡಿ, ಇಲ್ಲವೇ ಉದ್ದದ ಸ್ಟಡ್ ಒತ್ತಿಸಿಕೊಳ್ಳಿ. ಹಬ್ ಬಿಚ್ಚಿ, ಹಳೇ ಸ್ಟಡ್ ಪ್ರೆಸ್ಸಿನಲ್ಲಿ ತೆಗೆದು, ಹೊಸದನ್ನು ಕೂರಿಸುವ ಕೆಲಸ ಅದು. ಸುತ್ತಿಗೆಯಲ್ಲಿ ಬಡಿದು ಮಾಡಿಸಬೇಡಿ, ಬೇರಿಂಗಿಗೆ ಪೆಟ್ಟು.

ಎರಡನೇ ಎಚ್ಚರ, ಹಬ್ಬಿನ ನಡುವೆ ಎದ್ದು ನಿಂತ ತುಟಿ. ರಿಮ್ಮನ್ನು ನಡುವಿಗೆ ಸರಿಯಾಗಿ ಕೂರಿಸುವುದು ಅದೇ. 8 ಮಿ.ಮೀ. ಬಿಲ್ಲೆ ಹಾಕಿದರೆ ತುಟಿ ಬಹುಪಾಲು ಅದರೊಳಗೇ ಮುಳುಗಿಬಿಡುತ್ತದೆ. ಬಿಲ್ಲೆಗೆ ತನ್ನದೇ ತುಟಿ ಇದ್ದರೆ ಅದು ಹಬ್‌ಸೆಂಟ್ರಿಕ್. ಇಲ್ಲದಿದ್ದರೆ ರಿಮ್ ನಟ್ಟಿನ ಆಸರೆಯಲ್ಲಿ ಅಂದಾಜಿಗೆ ಕೂತಿರುತ್ತದೆ, ಗಂಟೆಗೆ ಎಂಬತ್ತು ಕಿ.ಮೀ. ದಾಟಿದ ಕೂಡಲೇ ಸ್ಟೇರಿಂಗ್ ನಡುಗುತ್ತದೆ. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದ ನಡುಕ ಅದು. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಇರುವುದು ರಿಮ್ ಮಾತ್ರ, ತಪ್ಪು ಇರುವುದು ಗಾಡಿಯ ಹಬ್ಬಿನ ಹತ್ತಿರ.

ಬೋಲ್ಟ್-ಆನ್ ಎರಡನೇ ಜಾತಿ. ಬಿಲ್ಲೆಯನ್ನು ಮೂಲ ಸ್ಟಡ್ಡಿಗೆ ಬಿಲ್ಲೆಯದೇ ನಟ್ಟಿನಿಂದ ಬಿಗಿದು, ಬಿಲ್ಲೆಯಲ್ಲೇ ಇರುವ ಹೊಸ ಸ್ಟಡ್ಡುಗಳಿಗೆ ರಿಮ್ ಬಿಗಿಯುವುದು. ಮರೆ ಪೂರ್ತಿ ಸಿಗುವುದರಿಂದ ಇದು ಹೆಚ್ಚು ಭದ್ರ. ಆದರೆ ತೆಳುವಾಗಿ ಮಾಡಲು ಬಾರದು, ಸಾಮಾನ್ಯವಾಗಿ 20–25 ಮಿ.ಮೀ. ಮೇಲೆ. ತೆಳು ತಂದರೆ ಮೂಲ ಸ್ಟಡ್ಡಿನ ತುದಿಗಳು ಬಿಲ್ಲೆಯಿಂದ ಆಚೆ ಇಣುಕಿ ರಿಮ್ಮಿನ ಬೆನ್ನಿಗೆ ತಾಗುತ್ತವೆ. ಹಲವು ಅಲಾಯ್ ರಿಮ್ಮುಗಳ ಬೆನ್ನಲ್ಲಿ ನಟ್ ತೂತುಗಳ ನಡುವೆ ಹಳ್ಳಗಳಿರುತ್ತವೆ, ತುದಿ ಅದರೊಳಗೆ ಅಡಗುತ್ತದೆ. ಕಬ್ಬಿಣದ ರಿಮ್ಮಿಗೆ ಅಂಥ ಹಳ್ಳ ಇರುವುದಿಲ್ಲ. ತುದಿಯ ಮೇಲೆ ಕೂತ ರಿಮ್ಮನ್ನು ನಟ್ಟಿನಿಂದ ಎಷ್ಟೇ ಬಿಗಿದರೂ ಅದು ಮುಖಕ್ಕೆ ಮುಖ ಒತ್ತಿ ಕೂರುವುದಿಲ್ಲ. ಹೊರಗಿಂದ ಕಣ್ಣಿಗೆ ಕಾಣುವುದೂ ಇಲ್ಲ.

ಲೋಹ ಕೇಳಿ. 6061-ಟಿ6 ಅಥವಾ 7075-ಟಿ6 ಅಲ್ಯೂಮಿನಿಯಂ, ಫೋರ್ಜ್ ಮಾಡಿ ಮಿಲ್ಲಿಂಗ್ ಮಾಡಿದ್ದು ಎಂದು ಬರೆದಿರಬೇಕು. ಅಚ್ಚಿಗೆ ಎರೆದ ಅಗ್ಗದ ಬಿಲ್ಲೆ ಬೇಡ.

‘ಲೇತಿನಲ್ಲಿ ತಿರುಗಿಸಿ ಕೊಡ್ತೀವಿ’

ಶಿವಮೊಗ್ಗದಲ್ಲಿ ಈ ಆಸೆ ಹುಟ್ಟುವುದು ಸಹಜ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ನೆರಳಲ್ಲಿ ಬೆಳೆದ ಸೀಮೆ ಇದು, ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳಿವೆ, ಊರಲ್ಲಿ ಒಳ್ಳೊಳ್ಳೆ ಲೇತ್ ಕೆಲಸಗಾರರಿದ್ದಾರೆ. ಟಿಲ್ಲರಿನ ಶಾಫ್ಟಿನಿಂದ ಅಡಿಕೆ ಸುಲಿಯುವ ಯಂತ್ರದ ಪುಲ್ಲಿಯವರೆಗೆ ಏನು ಕೊಟ್ಟರೂ ಅಳತೆಗೆ ತಿರುಗಿಸಿ ಕೊಡುತ್ತಾರೆ. ಅವರ ಕೈಯ ಮೇಲೆ ನನಗೆ ಗೌರವವಿದೆ. ಹಾಗಿದ್ದೂ ಸ್ಪೇಸರ್ ಮಾಡಿಸಬೇಡಿ ಅನ್ನುತ್ತೇನೆ.

ಮೊದಲನೆಯದಾಗಿ, ಅಂಗಡಿಯಲ್ಲಿ ಬಿದ್ದಿರುವ ಅಲ್ಯೂಮಿನಿಯಂ ರೌಂಡ್ ಬಾರ್ ಯಾವ ದರ್ಜೆಯದು, ಹದ ಮಾಡಿದ್ದೋ ಇಲ್ಲವೋ ಎನ್ನುವುದು ನೋಡಿದರೆ ತಿಳಿಯುವುದಿಲ್ಲ. ಮೆತ್ತನೆ ಲೋಹವಾದರೆ ನಟ್ಟಿನ ಒತ್ತಡಕ್ಕೆ ದಿನೇದಿನೇ ಕುಗ್ಗುತ್ತದೆ, ಬಿಗಿ ತಾನಾಗಿ ಸಡಿಲವಾಗುತ್ತದೆ. ಎರಡನೆಯದು, ಎರಡು ಮುಖಗಳು ಸಮಾನಾಂತರ ಇರಬೇಕು. 140 ಮಿ.ಮೀ. ವ್ಯಾಸದ ಬಿಲ್ಲೆಯ ಒಂದು ಅಂಚು ಇನ್ನೊಂದಕ್ಕಿಂತ 0.1 ಮಿ.ಮೀ. ದಪ್ಪಗಿದ್ದರೆ 620 ಮಿ.ಮೀ. ವ್ಯಾಸದ ಟೈರಿನ ಹೊರಸುತ್ತಿನಲ್ಲಿ ಅದು 0.44 ಮಿ.ಮೀ. ಅಡ್ಡ ಓಲಾಟವಾಗುತ್ತದೆ. ನೀರೆತ್ತುವ ಪಂಪಿನ ಪುಲ್ಲಿಗೆ ಅಷ್ಟು ಓಲಾಟ ಲೆಕ್ಕಕ್ಕಿಲ್ಲ. ನಿಮ್ಮ ಮುಂದಿನ ಚಕ್ರಕ್ಕೆ ಲೆಕ್ಕಕ್ಕಿದೆ.

ಟೈರ್ ಅಂಗಡಿಯಲ್ಲಿ ಕೇಳಿಬರುವ ಮಾತು ಹೀಗಿರುತ್ತದೆ: ‘ಅಣ್ಣಾ, ಹತ್ತೇ ಎಂಎಂ ಹೊರಗೆ ಬಂದ್ರೆ ಸಾಕು, ಎರಡು ವಾಶರ್ ಹಾಕಿ ಬಿಗಿದುಬಿಡಿ.’ ಹುಡುಗ ಆಸೆಯಿಂದ ಕೇಳುತ್ತಾನೆ. ಕೆಲಸ ಬಲ್ಲವರು ‘ಅದಾಗಲ್ಲ ಮಾರಾಯ, ನಿನ್ನ ಮನೆಯವರೂ ಇದರಲ್ಲೇ ಓಡಾಡ್ತಾರಲ್ಲ’ ಅಂದುಬಿಡುತ್ತಾರೆ. ಹಾಗೆ ಹೇಳುವ ಅಂಗಡಿಯನ್ನು ಬಿಡಬೇಡಿ. ಹಬ್ಬಿಗೂ ರಿಮ್ಮಿಗೂ ನಡುವೆ ವಾಶರ್ ಹಾಕಿದರೆ ಒತ್ತುವ ಮುಖವೇ ಇಲ್ಲವಾಗುತ್ತದೆ, ನಾಲ್ಕು ಚುಕ್ಕಿಯ ಮೇಲೆ ಚಕ್ರ ನಿಂತಂತೆ.

ಘಾಟಿಗೆ ಇದರಿಂದ ಉಪಯೋಗ ಎಷ್ಟು

ಸ್ಥಿರತೆಗಾಗಿ ಸ್ಪೇಸರ್ ಬೇಕು ಎನ್ನುವವರಿಗೆ ಒಂದು ಲೆಕ್ಕ. ಎಡ ಬಲ ಚಕ್ರಗಳ ನಡುವಿನ ಅಂತರ 1,500 ಮಿ.ಮೀ. ಇರುವ ಕಾರಿಗೆ ಬದಿಗೆ 15ರಂತೆ 30 ಮಿ.ಮೀ. ಸೇರಿಸಿದರೆ ಹೆಚ್ಚಿದ್ದು ಶೇಕಡಾ 2. ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ವರ್ಗವಾಗುವ ಭಾರ ಅಷ್ಟೇ ಪಾಲು ಕಡಿಮೆಯಾಗುತ್ತದೆ. ಸಸ್ಪೆನ್ಷನ್ ಮೆತ್ತಗಾಗುವುದು ಅದರಲ್ಲೂ ಸ್ವಲ್ಪ ತಿಂದುಹಾಕುತ್ತದೆ. ಮಾಡಿನ ಮೇಲೆ ಕ್ಯಾರಿಯರ್ ಕಟ್ಟಿ ನಾಲ್ಕು ಮೂಟೆ ಹೇರಿದರೆ ಉಳಿದದ್ದೂ ಹೋಯಿತು.

ಇಷ್ಟಕ್ಕೂ ಆಗುಂಬೆ, ಹುಲಿಕಲ್‌ನ ಹೇರ್‌ಪಿನ್‌ಗಳಲ್ಲಿ ಯಾರೂ ವೇಗವಾಗಿ ತಿರುಗಿಸುವುದಿಲ್ಲ, ಅಲ್ಲಿ ಬೇಕಾದದ್ದು ಬ್ರೇಕು, ಟೈರಿನ ಹಿಡಿತ. ವೇಗ ಬರುವುದು ಗಾಜನೂರು, ಮಂಡಗದ್ದೆ ಮೇಲೆ ತುಂಗೆಯ ಪಕ್ಕದಲ್ಲಿ ಸಾಗುವ ಉದ್ದುದ್ದ ತಿರುವುಗಳಲ್ಲಿ. ಅಲ್ಲಿ ಗಾಡಿ ಓಲಾಡುತ್ತಿದೆ ಎನಿಸಿದರೆ ಮೊದಲು ಶಾಕ್ ಅಬ್ಸಾರ್ಬರ್ ಸೋರುತ್ತಿದೆಯೇ, ಲೋವರ್ ಆರ್ಮ್ ಬುಷ್ ಹರಿದಿದೆಯೇ, ಗಾಳಿ ಸರಿಯಿದೆಯೇ ನೋಡಿಸಿ. ತೋಟದ ದಾರಿಯಲ್ಲಿ ಓಡಾಡುವ ಗಾಡಿಯ ಬುಷ್ಷುಗಳು ಪೇಟೆ ಗಾಡಿಯವಕ್ಕಿಂತ ಬೇಗ ಸವೆಯುತ್ತವೆ. ಅವನ್ನು ಬದಲಿಸಿದ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ.

ಚಕ್ರ ಹೊರಗೆ ಬಂದರೆ ಇಲ್ಲಿನ ರಸ್ತೆಯಲ್ಲಿ ಬೇರೆ ಕಿರಿಕಿರಿಗಳೂ ಇವೆ. ಡಾಂಬರಿನ ಅಂಚು ಮುರಿದು ಅರ್ಧ ಅಡಿ ಇಳಿದಿರುವ ಕಡೆ ಟೈರಿನ ಪಕ್ಕಕ್ಕೆ ಮೊದಲು ಪೆಟ್ಟು. ದರೆ ಕಡಿದು ಮಾಡಿದ ಮನೆದಾರಿಗಳಲ್ಲಿ ಜಂಬಿಟ್ಟಿಗೆ ಕಲ್ಲಿನ ಗೋಡೆಗೆ ಈಗ ಉಜ್ಜುವುದು ರಿಮ್ಮಿನ ಮುಖ. ಮಡ್‌ಗಾರ್ಡಿನ ಅಂಚಿನವರೆಗೂ ಬಂದ ಟೈರ್ ಕೆಂಪು ರಾಡಿಯನ್ನು ಬಾಗಿಲಿಗೂ ಪಕ್ಕದ ಕನ್ನಡಿಗೂ ಎರಚುತ್ತದೆ. ಮಳೆಗಾಲದಲ್ಲಿ ಕನ್ನಡಿ ಕಾಣದಿರುವುದು ಸಣ್ಣ ವಿಷಯವಲ್ಲ.

ಸ್ಪೇಸರ್ ಹಾಕಿಯೇ ಮಳೆಗಾಲ ಕಳೆದ ಗಾಡಿಯ ಚಕ್ರ ಬಿಚ್ಚಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕೆಂಪು ಮಣ್ಣಿನ ನೀರು ಸಂದಿಗೆ ಇಳಿದು ಹಬ್ಬಿನ ಕಬ್ಬಿಣ ತುಕ್ಕು ಹಿಡಿದಿರುತ್ತದೆ, ಅದಕ್ಕೆ ತಾಗಿದ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಎದ್ದಿರುತ್ತದೆ. ಬಿಲ್ಲೆ ಹಬ್ಬಿಗೆ ಕಚ್ಚಿಕೊಂಡು ಕೈಯಲ್ಲಿ ಬರುವುದಿಲ್ಲ, ರಬ್ಬರ್ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ತೆಗೆಯಬೇಕು. ಹಾಗಾಗಿ ಹಾಕುವವರು ಮಳೆಗೆ ಮುಂಚೆ ಒಂದು ಸಲ, ದೀಪಾವಳಿ ಹೊತ್ತಿಗೆ ಒಂದು ಸಲ ಬಿಚ್ಚಿಸಿ, ತಂತಿ ಬ್ರಷ್ಷಿನಲ್ಲಿ ಎರಡೂ ಮುಖ ಉಜ್ಜಿಸಿ, ನಡುವಿನ ತುಟಿಗೆ ಮಾತ್ರ ತೆಳ್ಳಗೆ ಆಂಟಿಸೀಜ್ (ಲೋಹ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸವರಿಸಿ. ಒತ್ತುಮುಖಕ್ಕೂ ಸ್ಟಡ್ಡಿನ ಮರೆಗೂ ಗ್ರೀಸ್ ಬೇಡ. ಬಿಗಿಯುವುದು ಟಾರ್ಕ್ ರೆಂಚಿನಲ್ಲಿ, ಎದುರುಬದುರು ನಟ್ಟಿನ ಕ್ರಮದಲ್ಲಿ, ಗಾಡಿಯ ಮ್ಯಾನುಯಲ್ ಹೇಳಿದಷ್ಟು ನ್ಯೂಟನ್ ಮೀಟರ್. ಗಾಳಿ ಗನ್ನಿನಲ್ಲಿ ಕಟಕಟ ಎನ್ನಿಸಿ ಕಳಿಸಿದರೆ ಒಪ್ಪಬೇಡಿ. 50–100 ಕಿ.ಮೀ. ಓಡಿದ ಮೇಲೆ ಮತ್ತೆ ನೋಡಬೇಕು, ಬೋಲ್ಟ್-ಆನ್ ಆದರೆ ಚಕ್ರ ಬಿಚ್ಚಿ ಒಳಗಿನ ಸಾಲಿನ ನಟ್ಟುಗಳನ್ನೂ ನೋಡಬೇಕು. ಇಷ್ಟು ಪುರುಸೊತ್ತು ಇಲ್ಲದವರಿಗೆ ಸ್ಪೇಸರ್ ಬೇಡ.

ಕಾನೂನು, ವಿಮೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕೆಎ-14 (ಶಿವಮೊಗ್ಗ) ನೋಂದಣಿ ಆಗಲಿ ಕೆಎ-15 (ಸಾಗರ) ಆಗಲಿ, ಕಂಪನಿ ಆ ಮಾದರಿಗೆ ಕೊಟ್ಟ ಅಳತೆಯ ಚಕ್ರ ಇದ್ದರೆ ಯಾರೂ ಕೇಳುವ ಪ್ರಶ್ನೆಯೇ ಇಲ್ಲ. ಮಡ್‌ಗಾರ್ಡಿನಿಂದ ಆಚೆ ಬಂದ ಟೈರ್ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅಪಘಾತವಾದರೆ ವಿಮೆಯ ಸರ್ವೇಯರ್ ಮೊದಲು ಬರೆದುಕೊಳ್ಳುವುದೂ ಇಂಥದ್ದನ್ನೇ. ವಾರಂಟಿ ಇರುವ ಗಾಡಿಯ ಬೇರಿಂಗ್ ಹೋದರೆ ಸರ್ವೀಸ್ ಸೆಂಟರಿನವರು ಸ್ಪೇಸರ್ ತೋರಿಸಿ ಕೈ ತೊಳೆದುಕೊಳ್ಳಬಹುದು.

ಯಾರಿಗೆ ಯಾವುದು

ಶಿವಮೊಗ್ಗ, ಭದ್ರಾವತಿ, ವಾರಕ್ಕೊಮ್ಮೆ ಊರು ಎಂದು ಓಡಾಡುವ ಹ್ಯಾಚ್‌ಬ್ಯಾಕಿಗೆ ಮೇಲಿನ ವೇರಿಯಂಟಿನ ಚಕ್ರ, ಒಳ್ಳೆ ಟೈರ್. ಅಲ್ಲಿಗೆ ನಿಲ್ಲಿಸಿ.

ಅಲಾಯ್ ಆಗಲೇ ತಂದಾಗಿದೆ, ಒಳಗೆ ಮೂರ್ನಾಲ್ಕು ಮಿ.ಮೀ. ಸಾಲದೆ ಉಜ್ಜುತ್ತಿದೆ, ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಿಲ್ಲ ಎನ್ನುವವರಿಗೆ 3 ಅಥವಾ 5 ಮಿ.ಮೀ. ಬಿಲ್ಲೆ ಒಂದು ದಾರಿ, ನಟ್ಟಿನ ಸುತ್ತು ಎಣಿಸಿ ಸರಿಬಂದರೆ, ತುಟಿ ಉಳಿದಿದ್ದರೆ, ಹೊರಗೆ ಜಾಗವಿದ್ದರೆ ಮಾತ್ರ. ಎರಡು ಬದಿಗೂ ಒಂದೇ ದಪ್ಪ. ಒಂದೇ ಬದಿ ಉಜ್ಜುತ್ತಿದೆ ಎಂದು ಒಂದೇ ಬದಿಗೆ ಹಾಕುವುದು ತಪ್ಪು. ಒಂದೇ ಬದಿ ಉಜ್ಜುತ್ತಿದ್ದರೆ ಆ ಬದಿಯ ಸಸ್ಪೆನ್ಷನ್ ಬಾಗಿರಬಹುದು, ಅದನ್ನು ಮೊದಲು ನೋಡಿಸಿ.

ಕೊಡಚಾದ್ರಿಯ ಜೀಪ್ ದಾರಿಯಂಥ ಕಡೆ ಹತ್ತುವ, ಅಡ್ಡ ಗಟ್ಟಿ ಆಕ್ಸಲ್ ಇರುವ ಫೋರ್ ವೀಲ್ ಗಾಡಿಯವರ ಮಾತು ಸ್ವಲ್ಪ ಬೇರೆ. ಅಲ್ಲಿ ಓರೆ ಇಳಿಜಾರಿನಲ್ಲಿ ಅಗಲ ನಿಜಕ್ಕೂ ಆಸರೆ, ವೇಗವೂ ಕಡಿಮೆ. ಆದರೂ ಅವರಿಗೂ ನನ್ನ ಮೊದಲ ಸಲಹೆ ಕಡಿಮೆ ಆಫ್‌ಸೆಟ್‌ನ ಕಬ್ಬಿಣದ ರಿಮ್. ಕಲ್ಲಿಗೆ ಹೊಡೆದು ಬಾಗಿದರೆ ಊರಲ್ಲೇ ಬಡಿದು ಸರಿಮಾಡಿಸಬಹುದು. ಸಿಗದಿದ್ದರೆ ಆ ಗಾಡಿಯ ಪಿಸಿಡಿಗೆ, ನಡುತೂತಿಗೆ ಸರಿಯಾಗಿ ಮಾಡಿದ 25 ಮಿ.ಮೀ. ಬೋಲ್ಟ್-ಆನ್, ನಾಲ್ಕೂ ಚಕ್ರಕ್ಕೆ. ಜಿಮ್ನಿಗಾದರೆ 5 ತೂತು, 139.7 ಪಿಸಿಡಿ, ನಡುತೂತು 108 ಎಂದು ನೋಡಿ ತರಿಸಿ.

ಸ್ಟೆಪ್ನಿ

ಹೆಚ್ಚಿನವರು ಇದನ್ನು ಯೋಚಿಸಿರುವುದಿಲ್ಲ, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ. ನಾಲ್ಕು ಚಕ್ರ ಅಲಾಯ್ ಆದರೂ ಹಲವು ಕಾರುಗಳ ಸ್ಟೆಪ್ನಿ ಕಬ್ಬಿಣದ್ದೇ. ಬೋಲ್ಟ್-ಆನ್ ಸ್ಪೇಸರಿನ ಮೇಲೆ ಮೂಲ ಸ್ಟಡ್ಡಿನ ತುದಿ ಸ್ವಲ್ಪ ಇಣುಕಿದ್ದರೂ ಹಳ್ಳವಿಲ್ಲದ ಆ ಕಬ್ಬಿಣದ ರಿಮ್ ಕೂರುವುದಿಲ್ಲ. ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿಯುವಾಗ ರಾತ್ರಿ ಪಂಕ್ಚರ್ ಆದರೆ, ಮಳೆಯಲ್ಲಿ ನಿಂತು ಸ್ಪೇಸರನ್ನೇ ಬಿಚ್ಚಿ ಸ್ಟೆಪ್ನಿಯನ್ನು ಮೂಲ ಹಬ್ಬಿಗೆ ಹಾಕಬೇಕು. ಅದಕ್ಕೆ ಕಂಪನಿಯ ಮೂಲ ನಟ್ಟುಗಳು ಡಿಕ್ಕಿಯಲ್ಲಿರಬೇಕು, ಸ್ಪೇಸರಿನೊಳಗಿನ ನಟ್ಟಿಗೆ ಹಿಡಿಯುವ ತೆಳು ಸಾಕೆಟ್ಟೂ ಇರಬೇಕು. ಗಾಡಿ ಜತೆ ಬಂದ ಸ್ಪ್ಯಾನರ್ ಆ ಸಂದಿಗೆ ಹಲವು ಸಲ ಇಳಿಯುವುದಿಲ್ಲ. ಉದ್ದದ ಸ್ಟಡ್ ಒತ್ತಿಸಿಕೊಂಡವರಿಗೆ ಬೇರೆ ತೊಡಕು: ಕಬ್ಬಿಣದ ರಿಮ್ ತೆಳು, ಬಾಯಿ ಮುಚ್ಚಿದ ನಟ್ ಹಾಕಿದರೆ ಸ್ಟಡ್ಡಿನ ತುದಿ ನಟ್ಟಿನ ತಲೆಗೆ ಮುಟ್ಟಿ ನಿಂತುಬಿಡುತ್ತದೆ. ಕೈಗೆ ಬಿಗಿ ಅನಿಸುತ್ತದೆ, ರಿಮ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಅವರು ಎರಡೂ ಕಡೆ ತೆರೆದ ನಟ್ಟುಗಳ ಒಂದು ಜೊತೆ ಇಟ್ಟುಕೊಳ್ಳಬೇಕು.

ಸ್ಪೇಸರ್ ಹಾಕಿಸಿದ ದಿನವೇ, ಅಂಗಡಿಯಲ್ಲೇ, ಬೆಳಕಿರುವಾಗ ನಿಮ್ಮ ಗಾಡಿಯ ಜಾಕು, ನಿಮ್ಮ ಸ್ಪ್ಯಾನರ್ ಬಳಸಿ ಮುಂದಿನ ಒಂದು ಚಕ್ರಕ್ಕೂ ಹಿಂದಿನ ಒಂದು ಚಕ್ರಕ್ಕೂ ಸ್ಟೆಪ್ನಿ ಹಾಕಿ ನೋಡಿ. ರಿಮ್ ಮುಖಕ್ಕೆ ಮುಖ ಕೂತು, ಕೈಯಲ್ಲಿ ಸುತ್ತಿಸಿದರೆ ಎಲ್ಲೂ ತಾಗದೆ ತಿರುಗಿದ ಮೇಲೆ ದುಡ್ಡು ಕೊಡಿ.